ಗೆಸ್ಟ್ ಅಡಿಷನ್ಸ್ ಹಾಕಿದರೂ ಸ್ಕ್ರೀನ್ ಚಿಕ್ಕದೇ? ಬಯೋಸ್ ಬಿಡಿ, ಲಾಗ್ ಓದಿ

ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರಿನಲ್ಲಿ, ಲಿನಕ್ಸ್ ಹಾಕಿಕೊಂಡವರಿಂದ ತಿಂಗಳಾನುಗಟ್ಟಲೆ ಒಂದೇ ಪ್ರಶ್ನೆ ಬರುತ್ತಿದೆ: ಒಳಗಿನ ಮಷಿನ್‌ಗೆ ಹೊರಗಿನದರ ಸ್ಕ್ರೀನ್, ಫೋಲ್ಡರ್ ಹೊಂದಿಸಿಕೊಡುವ ಗೆಸ್ಟ್ ಅಡಿಷನ್ಸ್ ಹಾಕಿದರೂ ಸ್ಕ್ರೀನ್ ಏಕೆ ಹಿಗ್ಗುವುದಿಲ್ಲ? ಬಸವನಗುಡಿಯಲ್ಲಿ ಭಾನುವಾರ ನಾನು ನಡೆಸುವ ಲಿನಕ್ಸ್ ತರಗತಿಯಲ್ಲೂ ಅದೇ, ಇಲ್ಲೂ ಅದೇ. ಹಾಗಾಗಿ ಈ ಸಲ ಹೆಚ್ಚು ಜಾಗ ಅದಕ್ಕೇ. ಐಎಸ್‌ಓ ಎಂದರೇನು, ಟರ್ಮಿನಲ್ ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ವಿಜಯನಗರದ ಇಂಜಿನಿಯರಿಂಗ್ ವಿದ್ಯಾರ್ಥಿ: ಸರ್, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರಲ್ಲಿ ಉಬುಂಟು 24.04 ಓಡಿಸುತ್ತಿದ್ದೇನೆ. ಗೆಸ್ಟ್ ಅಡಿಷನ್ಸ್ ಮೂರು ಸಲ ಇನ್‌ಸ್ಟಾಲ್ ಮಾಡಿದೆ. ಆದರೂ ಸ್ಕ್ರೀನ್ ದೊಡ್ಡದಾಗುತ್ತಿಲ್ಲ, ಶೇರ್ಡ್ ಫೋಲ್ಡರ್ ತೆರೆಯುತ್ತಿಲ್ಲ. ಲ್ಯಾಪ್‌ಟಾಪಿನ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಮಾಡಲೇ?

ಬೇಡ. ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಬಯೋಸ್ ಮುಟ್ಟಲೇಬೇಡಿ. ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು ಸೆಕ್ಯೂರ್ ಬೂಟ್. ಇದೇ ಥರದ ವಿಡಿಯೊ ನಂಬಿ ನನ್ನ ತರಗತಿಯ ಹುಡುಗನೊಬ್ಬ ಸೆಕ್ಯೂರ್ ಬೂಟ್ ಆಫ್ ಮಾಡಿದ. ಮರುಕ್ಷಣ ವಿಂಡೋಸ್ ನೀಲಿ ಪರದೆ ತೋರಿಸಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀ ಕೇಳಿತು. ಅಂಥದ್ದೊಂದು ಕೀ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಪೂರ್ತಿ ಅದೇ ಡಿಸ್ಕಿನಲ್ಲಿತ್ತು. ಲ್ಯಾಪ್‌ಟಾಪ್ ಕೊಂಡಾಗ ಅವನಣ್ಣ ತನ್ನ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಮಾಡಿಕೊಟ್ಟಿದ್ದ. ಕೀ ಆ ಅಕೌಂಟಿನಲ್ಲಿ ಕೂತಿತ್ತು. ಅದು ಹೊಳೆಯುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ದಿನ ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ವಿಡಿಯೊ ಮಾಡಿದವರಿಗೆ ಇದರ ಸುಳಿವೂ ಇಲ್ಲ.

ಹೊರಗಿನ ಲ್ಯಾಪ್‌ಟಾಪಿನ ಸೆಕ್ಯೂರ್ ಬೂಟ್‌ಗೂ ಒಳಗಿನ ಉಬುಂಟುವಿಗೂ ಸಂಬಂಧವೇ ಇಲ್ಲ. ವರ್ಚುವಲ್ ಮಷಿನ್‌ಗೆ ಅದರದೇ ಪ್ರತ್ಯೇಕ ಫರ್ಮ್‌ವೇರ್ (ಬಯೋಸ್ ಥರದ್ದು) ಇರುತ್ತದೆ. ವರ್ಚುವಲ್‌ಬಾಕ್ಸ್ 7.0ರಿಂದ ಅದಕ್ಕೂ ಸೆಕ್ಯೂರ್ ಬೂಟ್ ಆಯ್ಕೆ ಬಂದಿದೆ ನಿಜ. ನೀವಾಗಿ ಅದನ್ನು ಆನ್ ಮಾಡಿದ್ದರೆ ಮಷಿನ್‌ನ ಸೆಟ್ಟಿಂಗ್ಸ್‌ನಲ್ಲಿ, ಸಿಸ್ಟಮ್ ಅನ್ನುವ ಕಡೆ ಹೋಗಿ ಆಫ್ ಮಾಡಿ. ಮಾಡಿಲ್ಲದಿದ್ದರೆ ಆ ಮಾತೇ ಬೇಡ.

ಈಗ ನಿಜವಾದ ಕಾರಣಕ್ಕೆ ಬರೋಣ. ಗೆಸ್ಟ್ ಅಡಿಷನ್ಸ್ ಮಾಮೂಲಿ ಆ್ಯಪ್ ಅಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಜೋಡಿಸುವ ಮಾಡ್ಯೂಲ್‌ಗಳನ್ನು (ಸಣ್ಣ ಬಿಡಿಭಾಗಗಳನ್ನು) ಅದು ನಿಮ್ಮ ಮಷಿನ್‌ನಲ್ಲೇ ಕಂಪೈಲ್ ಮಾಡುತ್ತದೆ, ಅಂದರೆ ಮೂಲ ಕೋಡನ್ನು ಓಡುವ ರೂಪಕ್ಕೆ ತರುತ್ತದೆ. ಈ ಮಾಡ್ಯೂಲ್ ಅಳತೆ ಕೊಟ್ಟು ಹೊಲಿಸಿದ ರವಿಕೆ ಇದ್ದ ಹಾಗೆ, ಅಕ್ಕನದು ತಂಗಿಗೆ ಕೂರುವುದಿಲ್ಲ. ಅಳತೆ ಇರುವುದು ಕರ್ನಲ್ ಹೆಡರ್ ಎಂಬ ಫೈಲುಗಳಲ್ಲಿ. ಹೊಲಿಯಲು ಜಿಸಿಸಿ, ಮೇಕ್, ಪರ್ಲ್ ಎಂಬ ಸಲಕರಣೆಗಳು ಬೇಕು. ಉಬುಂಟು ಡೆಸ್ಕ್‌ಟಾಪ್ ಹೊಸದಾಗಿ ಹಾಕಿದಾಗ ಜಿಸಿಸಿ, ಮೇಕ್ ಎರಡೂ ಇರುವುದಿಲ್ಲ. ಅವನ್ನು ಹಾಕಿಕೊಳ್ಳಿ ಅಂತ ಇನ್‌ಸ್ಟಾಲರ್ ಪರದೆಯ ಮೇಲೆ ಬರೆದೇ ಹೇಳುತ್ತದೆ. ನೀವು ಎಂಟರ್ ಒತ್ತಿ ಕಿಟಕಿ ಮುಚ್ಚುತ್ತೀರಿ, ಮತ್ತೆ ಇನ್‌ಸ್ಟಾಲ್ ಮಾಡುತ್ತೀರಿ. ಮೂರಲ್ಲ, ಮೂವತ್ತು ಸಲ ಮಾಡಿದರೂ ಅದೇ ಫಲ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದಿಲ್ಲ. ಕಳೆದ ಭಾನುವಾರ ಒಬ್ಬಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, “ಹೆಡರ್ ಹಾಕಿದೀನಿ ಸರ್, ಆದ್ರೂ ಆಗ್ತಿಲ್ಲ” ಅಂದಳು. “ಯುನೇಮ್ ಮೈನಸ್ ಆರ್ ಕೊಡಮ್ಮ” ಅಂದೆ. ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುವ ಕಮಾಂಡ್ ಅದು. 6.8.0-31 ಅಂತ ಬಂತು. ಯುಎಸ್‌ಆರ್ ಒಳಗಿನ ಎಸ್‌ಆರ್‌ಸಿ ಫೋಲ್ಡರಿನಲ್ಲಿ ನೋಡಿದರೆ ಇದ್ದದ್ದು 6.8.0-45ರ ಹೆಡರ್. ಬೆಳಿಗ್ಗೆ ಅಪ್‌ಗ್ರೇಡ್ ಕೊಟ್ಟು ರೀಬೂಟ್ ಮಾಡಿರಲಿಲ್ಲ. ಓಡುತ್ತಿದ್ದದ್ದು ಹಳೇ ಕರ್ನಲ್, ಅಳತೆ ಹೊಸದರದ್ದು. ರೀಬೂಟ್ ಮಾಡಿ ಮತ್ತೊಮ್ಮೆ ಓಡಿಸಿದಳು. ಎರಡು ನಿಮಿಷದಲ್ಲಿ ಕಿಟಕಿ ಎಳೆದಷ್ಟು ಸ್ಕ್ರೀನ್ ಹಿಗ್ಗಿತು.

ಆದ್ದರಿಂದ ಮೊದಲು ಸ್ನ್ಯಾಪ್‌ಶಾಟ್ (ಕೆಟ್ಟರೆ ಮರಳಲು ಮಷಿನ್‌ನ ಈಗಿನ ಸ್ಥಿತಿಯ ಪ್ರತಿ) ತೆಗೆದುಕೊಳ್ಳಿ. ಅದಿಲ್ಲದೆ ನಾನಂತೂ ಕರ್ನಲ್ ತಂಟೆಗೆ ಹೋಗುವುದಿಲ್ಲ. ಆಮೇಲೆ ಅಪ್‌ಡೇಟ್, ಅಪ್‌ಗ್ರೇಡ್ ಮುಗಿಸಿ ರೀಬೂಟ್ ಮಾಡಿ. ಜಿಸಿಸಿ, ಮೇಕ್ ತರುವ ಬಿಲ್ಡ್-ಎಸೆನ್ಶಿಯಲ್ ಪ್ಯಾಕೇಜ್ ಹಾಕಿ. ಉಬುಂಟು 24.04 ಡೆಸ್ಕ್‌ಟಾಪಿನ ಹೆಡರ್‌ಗೆ ಲಿನಕ್ಸ್-ಹೆಡರ್ಸ್-ಜೆನೆರಿಕ್-ಎಚ್‌ಡಬ್ಲ್ಯೂಇ-24.04 ಹಾಕಿ, ಕರ್ನಲ್ ಹೊಸದಾದಾಗಲೆಲ್ಲ ಹೆಡರ್ ತಾನಾಗಿ ಜೊತೆಗೆ ಬರುತ್ತದೆ. ನಂತರ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಸಿಡಿ ಸೇರಿಸಿ, ಅದರಲ್ಲಿರುವ ಲಿನಕ್ಸಿನ ಡಾಟ್ ರನ್ ಫೈಲನ್ನು ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆ ಓಡಿಸಿ. ಕೆಟ್ಟರೆ ವಾರ್ ಒಳಗಿನ ಲಾಗ್ ಫೋಲ್ಡರಿನಲ್ಲಿ ವಿಬಾಕ್ಸ್‌ಆ್ಯಡ್-ಸೆಟಪ್ ಡಾಟ್ ಲಾಗ್ ಎಂಬ ದಾಖಲೆ ಫೈಲ್ ಇರುತ್ತದೆ, ಅದರ ಕೊನೆಯ ಇಪ್ಪತ್ತು ಸಾಲು ಓದಿ. ಎಲ್ಲ ಸರಿ ಇದ್ದೂ ಸ್ಕ್ರೀನ್ ಹಿಗ್ಗದಿದ್ದರೆ ವರ್ಚುವಲ್‌ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸ್ ಕಂಟ್ರೋಲರ್ ನೋಡಿ. ಲಿನಕ್ಸಿಗೆ ವಿಎಂಎಸ್‌ವಿಜಿಎ ಇರಬೇಕು. ವಿಬಾಕ್ಸ್‌ಎಸ್‌ವಿಜಿಎ ವಿಂಡೋಸಿಗೆ.

ಶೇರ್ಡ್ ಫೋಲ್ಡರಿಗೆ ಪರ್ಮಿಷನ್ ಇಲ್ಲ ಅಂದರೆ ಎಲ್ಲರೂ ಹೇಳಿಕೊಡುವುದು ಸಿಎಚ್‌ಮಾಡ್ 777, ಅಂದರೆ ಯಾರು ಏನು ಬೇಕಾದರೂ ಮಾಡಲು ಅನುಮತಿ ಕೊಡುವ ಕಮಾಂಡ್. ಕೇಳಿದರೆ ಮೈ ಉರಿಯುತ್ತದೆ. ಆ ಫೋಲ್ಡರಿನ ಪರ್ಮಿಷನ್ ಅದು ಮೌಂಟ್ ಆಗುವಾಗಲೇ (ಉಬುಂಟುವಿಗೆ ಜೋಡಣೆಯಾಗುವಾಗಲೇ) ನಿಗದಿಯಾಗಿರುತ್ತದೆ, ಸಿಎಚ್‌ಮಾಡ್ ಕೊಟ್ಟರೆ ಅಲ್ಲಿ ಏನೂ ಬದಲಾಗುವುದಿಲ್ಲ. ಕೈತಪ್ಪಿ ಬೇರೆ ಫೋಲ್ಡರಿಗೆ ಕೊಟ್ಟಿರೋ, ಸಿಸ್ಟಮ್ಮೇ ಕೆಡುತ್ತದೆ. ನಿಮ್ಮ ಯೂಸರನ್ನು ವಿಬಾಕ್ಸ್‌ಎಸ್‌ಎಫ್ ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ಆಟೋ-ಮೌಂಟ್ ಆಯ್ದಿದ್ದರೆ ಮೀಡಿಯಾ ಒಳಗೆ ಎಸ್‌ಎಫ್ ಅಂಡರ್‌ಸ್ಕೋರ್ ಎಂದು ಶುರುವಾಗುವ ಹೆಸರಿನಲ್ಲಿ ಕಾಣುತ್ತದೆ. ದಯವಿಟ್ಟು ಇಡೀ ಸಿ ಡ್ರೈವ್ ಹಂಚಬೇಡಿ. ಪ್ರಾಜೆಕ್ಟಿಗೆ ಬೇಕಾದ ಒಂದೇ ಫೋಲ್ಡರ್ ಕೊಡಿ. ಒಳಗೆ ಓಡಿಸಿದ ಕೆಟ್ಟ ಸ್ಕ್ರಿಪ್ಟ್ ಆ ದಾರಿಯಲ್ಲೇ ಹೊರಗಿನ ಫೈಲುಗಳಿಗೂ ಕೈ ಹಾಕಬಲ್ಲದು.

ಯಲಹಂಕ: ಎಸ್‌ಪಿ ರೋಡಿನ ಅಂಗಡಿಯಲ್ಲಿ ‘ಎಲ್ಲಾ ಟೂಲ್ಸ್’ ಇರುವ ಪೆನ್ ಡ್ರೈವ್ 300 ರೂಪಾಯಿಗೆ ಕೊಟ್ಟರು. ಬಳಸಬಹುದೇ?

ಫಾರ್ಮ್ಯಾಟ್ ಮಾಡಿ, ಖಾಲಿ ಪೆನ್ ಡ್ರೈವ್ ಆದರೂ ಉಪಯೋಗಕ್ಕೆ ಬಂದೀತು. ಗೆಸ್ಟ್ ಅಡಿಷನ್ಸ್ ಸಿಡಿ ವರ್ಚುವಲ್‌ಬಾಕ್ಸ್ ಜೊತೆಯಲ್ಲೇ ಬರುತ್ತದೆ, ನಿಮ್ಮ ಆವೃತ್ತಿಗೆ ಹೊಂದುವುದು ಅದೇ. ಯಾರೋ ಕೊಟ್ಟ ಫೈಲನ್ನು ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರ ಕೊಟ್ಟು, ಓಡಿಸುವುದೆಂದರೆ ಮನೆಯ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟಂತೆ.

ಮಲ್ಲೇಶ್ವರ: ವಿಎಂವೇರ್‌ನಲ್ಲಿ (ವರ್ಚುವಲ್‌ಬಾಕ್ಸ್ ಥರದ ಇನ್ನೊಂದು ಸಾಫ್ಟ್‌ವೇರ್) ‘ಇನ್‌ಸ್ಟಾಲ್ ಟೂಲ್ಸ್’ ಮೆನು ಮಂಕಾಗಿದೆ.

ಇರಲಿ ಬಿಡಿ. ಅಲ್ಲಿ ಗೆಸ್ಟ್ ಅಡಿಷನ್ಸ್ ಕೆಲಸ ಮಾಡುವ ಓಪನ್-ವಿಎಂ-ಟೂಲ್ಸ್ ಮತ್ತು ಅದರ ಡೆಸ್ಕ್‌ಟಾಪ್ ಪ್ಯಾಕೇಜನ್ನು ಉಬುಂಟುವಿನಿಂದಲೇ ಹಾಕಿ. ವಿಎಂವೇರ್ ಶಿಫಾರಸು ಮಾಡುವುದೂ ಅದನ್ನೇ.

ಬನಶಂಕರಿ: ಕೆವಿಎಂನಲ್ಲಿ (ಲಿನಕ್ಸಿನದೇ ವರ್ಚುವಲ್ ಮಷಿನ್ ವ್ಯವಸ್ಥೆ) ಡೆಬಿಯನ್ ಲಿನಕ್ಸ್ ಇದೆ. ವರ್ಟಿಯೊ-ವಿನ್ ಐಎಸ್‌ಓ ಹಾಕಬೇಕೇ?

ಅದು ವರ್ಚುವಲ್ ಮಷಿನ್‌ನಲ್ಲಿ ಓಡುವ ವಿಂಡೋಸಿಗೆ ಬೇಕಾದ ಡ್ರೈವರ್‌ಗಳ ಸಿಡಿ. ಲಿನಕ್ಸ್ ಕರ್ನಲ್‌ನಲ್ಲಿ ವರ್ಟಿಯೊ ಡ್ರೈವರ್‌ಗಳು ಎಂದಿನಿಂದಲೋ ಇವೆ. ಹೊರಗಿನ ವ್ಯವಸ್ಥೆಯೊಡನೆ ಮಾತಾಡುವ ಕ್ಯೂಎಮು-ಗೆಸ್ಟ್-ಏಜೆಂಟ್ ಹಾಕಿ, ಡೆಸ್ಕ್‌ಟಾಪ್ ಇದ್ದರೆ ಸ್ಕ್ರೀನ್ ಹೊಂದಿಸುವ ಸ್ಪೈಸ್-ವಿಡಿಏಜೆಂಟ್ ಕೂಡ. ಕೆವಿಎಂ ಬಳಸುವ ಪ್ರಾಕ್ಸ್‌ಮಾಕ್ಸ್ ಆದರೆ ಆಪ್ಷನ್ಸ್‌ನಲ್ಲಿ ಏಜೆಂಟ್ ಆನ್ ಮಾಡಿ, ಮಷಿನ್ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು.

ಕೆಂಗೇರಿ: ಗೆಸ್ಟ್ ಅಡಿಷನ್ಸ್ ಹಾಕಿದರೆ ಪ್ರೋಗ್ರಾಂ ಬೇಗ ಕಂಪೈಲ್ ಆಗುತ್ತದೆಯೇ?

ಇಲ್ಲ. ಅದಕ್ಕೆ ಸಿಪಿಯು, ರ‍್ಯಾಮ್ ಹೆಚ್ಚು ಕೊಡಿ.

ಜಯನಗರ: ಎಲ್ಲಾ ಸರಿಯಿತ್ತು. ಉಬುಂಟು ಅಪ್‌ಡೇಟ್ ಆದ ಮೇಲೆ ಮತ್ತೆ ಸ್ಕ್ರೀನ್ ಚಿಕ್ಕದಾಗಿದೆ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೇ?

ಕರ್ನಲ್ ಬದಲಾಗಿದೆ, ಅಷ್ಟೇ. ಹೆಡರ್ ಇದೆಯೇ ನೋಡಿಕೊಂಡು, ಸುಡೋ ಜೊತೆ ಆರ್‌ಸಿ‌ವಿಬಾಕ್ಸ್‌ಆ್ಯಡ್ ಸೆಟಪ್ ಕೊಟ್ಟು ರೀಬೂಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಮೇಲೆ ಹೇಳಿದ ಲಾಗಿನ ಕೊನೆಯ ಸಾಲುಗಳನ್ನು, ಯುನೇಮ್ ಕೊಟ್ಟಾಗ ಬಂದ ಉತ್ತರವನ್ನು ಸೇರಿಸಿ ಬರೆಯಿರಿ. “ವರ್ಕ್ ಆಗ್ತಿಲ್ಲ” ಎಂದಷ್ಟೇ ಬರೆದರೆ ನಾನು ಇಲ್ಲಿ ಕೂತು ಏನನ್ನೂ ಹೇಳಲಾರೆ.