ಬಸ್ ಯೋಜನೆಗೆ ಊರಿನ ಯಾವ ಜನಸಂಖ್ಯೆ ಹಿಡಿಯಬೇಕು?

ನಿಮ್ಮ ಊರು ಪುರಸಭೆಯೇ, ನಗರಸಭೆಯೇ, ಬಸ್ ಯೋಜನೆಗೆ ಯಾವುದರ ಜನಸಂಖ್ಯೆ ಬರೆಯಬೇಕು ಎಂದು ಕೇಳಿದ್ದೀರಿ. 2013ರಲ್ಲಿ ನಾನು ಇಲ್ಲೇ ಎಡವಿದ್ದೆ.

ಆಗ ಒಂದು ಸಲಹಾ ಸಂಸ್ಥೆಯಲ್ಲಿದ್ದೆ. ಮಂಗಳೂರಿನ ಸಂಚಾರ ಸಮೀಕ್ಷೆ ನನ್ನ ಪಾಲಿಗೆ ಬಂತು. 2011ರ ಜನಗಣತಿಯಲ್ಲಿ ಮಂಗಳೂರಿಗೆ ಎರಡು ಲೆಕ್ಕ: ಪಾಲಿಕೆಯದು 5 ಲಕ್ಷದೊಳಗೆ, ಪಾಲಿಕೆಯೂ ಅದಕ್ಕೆ ಅಂಟಿ ಬೆಳೆದ ಊರುಗಳೂ ಸೇರಿದ ನಗರ ಸಮುಚ್ಚಯದ್ದು 6 ಲಕ್ಷ ಮೀರಿ. ನಾನು ಪಾಲಿಕೆಯ ಸಾಲನ್ನು ಎತ್ತಿಕೊಂಡೆ. ಮನೆಮನೆ ಸಮೀಕ್ಷೆಯನ್ನೂ ಆ ಗಡಿಯಲ್ಲೇ ನಿಲ್ಲಿಸಿದೆ. ನೇತ್ರಾವತಿಯ ಆಚೆಗಿನ ಉಳ್ಳಾಲ, ಸೋಮೇಶ್ವರ, ಕೋಟೆಕಾರು ಬಿಟ್ಟುಹೋದವು. ಸೇತುವೆಯ ಮೇಲೆ ವಾಹನ ಎಣಿಸಿದ್ದೆವು ನಿಜ. ಆದರೆ ದಿನವೂ ಕೆಲಸಕ್ಕೆ ಬರುವವರ ಬಸ್ಸುಗಳನ್ನು ಕೇರಳದ ಲಾರಿಗಳ ಜೊತೆ ‘ಹೊರಗಿನ ಸಂಚಾರ’ ಎಂಬ ಒಂದೇ ಕಾಲಮಿಗೆ ತುಂಬಿದೆ. ತಪ್ಪು ಗೊತ್ತಾಗದೇ ಹೋದದ್ದು ಅದರಿಂದಲೇ. ಮೊತ್ತ ಸರಿಯಾಗಿಯೇ ಕಾಣುತ್ತಿತ್ತು.

ವರದಿ ಒಪ್ಪಿಸುವ ವಾರ ಬೆಳಿಗ್ಗೆ ಎಂಟಕ್ಕೆ ಉಳ್ಳಾಲದ ತೊಕ್ಕೊಟ್ಟಿನಲ್ಲಿ ನಿಂತಿದ್ದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಕಡೆಯ ಬಸ್ಸಿನ ಮೆಟ್ಟಿಲಲ್ಲೂ ಜಾಗವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ಚೀಲವನ್ನು ಕಿಟಕಿಯಿಂದ ಒಳಗಿದ್ದವರ ಮಡಿಲಿಗೆ ದಾಟಿಸಿ ಬಾಗಿಲಿಗೆ ಓಡಿದಳು. ನನ್ನ ವರದಿಯಲ್ಲಿ ಅವಳ ಮನೆಯೇ ಇರಲಿಲ್ಲ. ಸಮೀಕ್ಷೆ ಮತ್ತೆ ನಡೆಯಿತು, ಐದು ತಿಂಗಳು ಹೋಯಿತು, ಮುಂದಿನ ಕೆಲಸ ನನ್ನ ಕೈಗೆ ಬರಲಿಲ್ಲ.

ಪುರಸಭೆ, ನಗರಸಭೆ ಎಂಬುದು ಆಡಳಿತದ ವಿಂಗಡಣೆ. ಬಸ್ ಯೋಜಿಸುವವರು ಅಲ್ಲಿಂದ ಶುರು ಮಾಡಲೇಬಾರದು. ಜನಗಣತಿಯ ಅಳತೆ ಬೇರೆ: ಗ್ರಾಮ ಪಂಚಾಯಿತಿಯ ಕೆಳಗಿದ್ದರೂ 5,000 ಜನ, ಚದರ ಕಿಲೋಮೀಟರಿಗೆ 400 ಮಂದಿ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯದ ಹೊರಗೆ ಇದ್ದರೆ ಅದು ಜನಗಣತಿ ಪಟ್ಟಣ. (ಬೀಡಿ ಕಟ್ಟುವ ಹೆಂಗಸರ ದುಡಿಮೆ ಈ ಅಳತೆಗೆ ಸಿಗುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.) ಇಂಥ ಊರುಗಳು ದೊಡ್ಡ ಊರಿಗೆ ಹೊಂದಿಕೊಂಡು ಬೆಳೆದಾಗ ಸಮುಚ್ಚಯವಾಗುತ್ತದೆ.

ಅನುದಾನದ ಅರ್ಜಿಯಲ್ಲಿ ಅದನ್ನು ಕೊಡುವವರು ಕೇಳಿದ ಸಂಖ್ಯೆಯನ್ನೇ ಬರೆಯಿರಿ. ನಗರಗಳಿಗೆ ವಿದ್ಯುತ್ ಬಸ್ಸುಗಳಿಗಾಗಿ ಇರುವ ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆ ನೋಡುವುದು 2011ರ ಜನಗಣತಿಯ 3 ಲಕ್ಷದ ಗೆರೆಯನ್ನು. ಮಾರ್ಗದ ನಕ್ಷೆಗೆ ಆ ಗೆರೆ ಬೇಡ. ಮೂರು ದಿನ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಿಮ್ಮ ಬಸ್ ನಿಲ್ದಾಣದಲ್ಲಿ ನಿಂತು, ಇಳಿಯುವವರನ್ನು ಯಾವ ಊರಿನಿಂದ ಬಂದಿರಿ ಎಂದು ಕೇಳಿ. ಮತ್ತೆ ಮತ್ತೆ ಬರುವ ಹೆಸರುಗಳನ್ನೆಲ್ಲ ನಕ್ಷೆಗೆ ಸೇರಿಸಿ, ಅವು ಯಾವ ಪಂಚಾಯಿತಿಗೆ ಸೇರಿದ್ದರೂ ಸರಿ.