ಓಟ ನಿಲ್ಲಲಿ, ಆ ಗಂಟೆ ನಿಲ್ಲದಿರಲಿ

ಸುಮತಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬಂದದ್ದು ಮೂಳೆವೈದ್ಯರ ಚೀಟಿಯೊಂದಿಗೆ. ವಯಸ್ಸು ನಲವತ್ತೊಂದು, ಮನೆ ಮುಂಬಯಿಯ ಮುಲುಂಡ್‌ನಲ್ಲಿ, ಕೆಲಸ ಫೋರ್ಟ್ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ. (ಹೆಸರನ್ನೂ ಮನೆ, ಉದ್ಯೋಗಗಳ ವಿವರವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಎಡಗಾಲಿನ ಟಿಬಿಯಾದಲ್ಲಿ, ಅಂದರೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಲ್ಲಿ, ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು. ಬಿದ್ದು ಪೆಟ್ಟು ಮಾಡಿಕೊಂಡದ್ದಲ್ಲ. ಓಟದ ಭಾರ ಮತ್ತೆ ಮತ್ತೆ ಬಿದ್ದು ಮೂಡಿದ ಸಣ್ಣ ಬಿರುಕು. ಹಿಂದಿನ ವರ್ಷವೂ ಅದೇ ಕಾಲಿಗೆ ಹೀಗೇ ಆಗಿತ್ತು. ಆರು ವಾರ ಓಡಬಾರದೆಂದು ಹೇಳಿದ್ದರೂ ಮೂರನೆಯ ವಾರವೇ ನೋವಿನ ಮಾತ್ರೆ ನುಂಗಿ ಓಡಿದ್ದರು. ವೈದ್ಯರ ಚೀಟಿಯಲ್ಲಿ ಎರಡೇ ಸಾಲು: ‘ಏನು ಮಾಡಬೇಕೆಂದು ಇವರಿಗೆ ಗೊತ್ತಿದೆ. ಏಕೆ ಮಾಡುತ್ತಿಲ್ಲ ಎಂಬುದನ್ನು ನೀವು ನೋಡಿ.’

ಅವರಿಗೆ ಗೊತ್ತಿತ್ತು ಎಂಬುದು ನಿಜ. ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬಯಿ ಮ್ಯಾರಥಾನ್‌ನಲ್ಲಿ ಎರಡು ಬಾರಿ ಅರ್ಧ ದೂರ ಓಡಿದ್ದ ಅವರು, ಈ ಸಲ 42.195 ಕಿಲೋಮೀಟರ್ ಪೂರ್ತಿ ಓಡುವ ಆಸೆಯಿಂದ ಮಳೆಗಾಲದಲ್ಲೇ ತಯಾರಿ ಆರಂಭಿಸಿದ್ದರು. ವಾರದ ಮಧ್ಯೆ ಠಾಣೆಯ ಉಪವನ ಕೆರೆಯವರೆಗೆ, ತಿಂಗಳಿಗೊಮ್ಮೆ ಯೇವೂರು ಗುಡ್ಡದ ಏರು, ಭಾನುವಾರ ಮರೀನ್ ಡ್ರೈವ್‌ನಲ್ಲಿ ದೀರ್ಘ ಓಟ. ಓಟದ ಕೊನೆಯ ಭಾಗದಲ್ಲಿ ಎದುರಾಗುವ ಪೆಡರ್ ರಸ್ತೆಯ ಏರಿನ ಬಗ್ಗೆ ಮಾತಾಡುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಮೈಭಾರದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ, ದೂರವನ್ನು ನಿಧಾನವಾಗಿ ಹೆಚ್ಚಿಸಬೇಕು, ಹೆಚ್ಚಿನ ಓಟಗಳು ಮಾತಾಡುತ್ತ ಓಡಬಹುದಾದ ವೇಗದಲ್ಲಿರಬೇಕು, ಮೀನಖಂಡ ಮತ್ತು ಸೊಂಟದ ಸ್ನಾಯುಗಳಿಗೆ ವಾರಕ್ಕೆರಡು ಬಾರಿ ಬಲ ಕೊಡುವ ವ್ಯಾಯಾಮ ಬೇಕು, ಎಲ್ಲವನ್ನೂ ಅವರೇ ನನಗೆ ಹೇಳಿದರು. ಕೋಚ್ ಕೊಟ್ಟ ಪಟ್ಟಿಯಲ್ಲಿ ಸೋಮವಾರ ಮತ್ತು ಶುಕ್ರವಾರ ‘ವಿಶ್ರಾಂತಿ’ ಎಂದಿತ್ತು. ಆ ಎರಡೂ ದಿನ ಅವರು ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಓಡುತ್ತಿದ್ದರು. ಗಡಿಯಾರ ಕಟ್ಟಿದರೆ ಓಡಿದ ದೂರ ಮೊಬೈಲ್‌ಗೆ ಏರಿ ಕೋಚ್‌ಗೆ ಕಾಣುತ್ತದೆಯಲ್ಲ!

ಇಷ್ಟು ತಿಳಿದವರಿಗೆ ವಿಶ್ರಾಂತಿಯ ಮಹತ್ವವನ್ನು ಇನ್ನೊಮ್ಮೆ ಬೋಧಿಸುವುದರಿಂದ ಏನೂ ಆಗದು. ಹಾಗಾಗಿ ಮೊದಲ ಭೇಟಿಯಲ್ಲಿ ಓಟದ ಮಾತನ್ನು ಬದಿಗಿಟ್ಟು, ಓಡದ ಒಂದು ಸೋಮವಾರವನ್ನು ಗಂಟೆ ಗಂಟೆಗೆ ವಿವರಿಸಿ ಎಂದು ಕೇಳಿದೆ.

ಅತ್ತೆಗೆ ಪಾರ್ಶ್ವವಾಯು ಆಗಿ ಎರಡು ವರ್ಷ. ಹಗಲಿಗೆ ಸಹಾಯಕಿ ಇದ್ದಾಳೆ, ಬರುವುದು ಎಂಟು ಗಂಟೆಗೆ. ಪತಿ ಹೋಟೆಲ್ ಉದ್ಯಮದವರು, ಮನೆ ಸೇರುವುದು ಮಧ್ಯರಾತ್ರಿ ಕಳೆದ ಮೇಲೆ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಓಟದ ದಿನ ಸುಮತಿ ಐದಕ್ಕೆ ಬಾಗಿಲು ಎಳೆದುಕೊಂಡು ಹೊರಟರೆ ಆರೂವರೆಯವರೆಗೆ ಅತ್ತೆ ಕರೆದರೆ ಪತಿ ಏಳುತ್ತಾರೆ, ಹಾಲು ಬಂದರೆ ಮಗ ತೆಗೆದಿಡುತ್ತಾನೆ. ಓಡದ ದಿನ ಅದೇ ಐದಕ್ಕೆ ಅತ್ತೆಯ ಮಗ್ಗುಲು ಬದಲಿಸುವುದು, ಶೌಚ, ಹಾಸಿಗೆ, ಚಹಾ, ಎರಡು ಡಬ್ಬಿಯ ಅಡುಗೆ. ಅಷ್ಟೂ ಮುಗಿಸಿ ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ ನಿಲ್ದಾಣದವರೆಗೆ ಸುಮಾರು ಒಂದು ಗಂಟೆ ನಿಂತೇ ಪ್ರಯಾಣ. ‘ಮೇಡಂ, ವಿಶ್ರಾಂತಿಯ ದಿನ ನಾನು ಕೂರುವುದು ಕಚೇರಿಗೆ ಹೋದ ಮೇಲೆಯೇ’ ಎಂದರು. ಹೇಳಿದ್ದನ್ನು ತಾವೇ ಕೇಳಿಸಿಕೊಂಡವರಂತೆ ಸ್ವಲ್ಪ ಹೊತ್ತು ಸುಮ್ಮನಾದರು.

ಈ ಪ್ರಕರಣದ ಗಂಟು ಇದ್ದದ್ದು ಅಲ್ಲಿ. ಅವರ ಪಾಲಿಗೆ ಓಟವೇ ಬಿಡುವು, ಪಟ್ಟಿಯಲ್ಲಿದ್ದ ವಿಶ್ರಾಂತಿಯೇ ದುಡಿಮೆ. ಓಡಬೇಡಿ ಎಂದವರೆಲ್ಲ, ಅವರಿಗೆ ತಿಳಿಯದಂತೆಯೇ, ದಿನದಲ್ಲಿ ಸುಮತಿಯದೇ ಆಗಿದ್ದ ಒಂದೂವರೆ ಗಂಟೆಯನ್ನು ಬಿಟ್ಟುಕೊಡಿ ಎನ್ನುತ್ತಿದ್ದರು. ಅದನ್ನು ಉಳಿಸಿಕೊಳ್ಳಲು ಅವರು ಮೂಳೆಯನ್ನೇ ಪಣಕ್ಕಿಟ್ಟಿದ್ದರು. ದೂರದ ಓಟಕ್ಕೆ ತರಬೇತಿ ಕೊಡುವವರು ಪಟ್ಟಿಯಲ್ಲಿ ‘ವಿಶ್ರಾಂತಿ’ ಎಂದು ಬರೆಯುವ ಮುನ್ನ, ಆ ದಿನ ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ಒಂದು ಪ್ರಶ್ನೆ ಕೇಳಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಹೆಂಗಸರನ್ನಂತೂ ಕೇಳಲೇಬೇಕು.

ಎರಡನೆಯ ಭೇಟಿಯಲ್ಲಿ ಊಟದ ವಿಷಯ ಬಂತು. ಸೋಮವಾರ ಉಪವಾಸ, ಸಂಕಷ್ಟಿ ಉಪವಾಸ, ನವರಾತ್ರಿಯಲ್ಲಿ ಒಂಬತ್ತು ದಿನವೂ ಒಪ್ಪೊತ್ತು. ಆ ನವರಾತ್ರಿಯ ನಡುವೆಯೇ ಹದಿನೆಂಟು ಕಿಲೋಮೀಟರ್ ಓಡಿದ್ದರು. ಓಡಿ ಬಂದ ದಿನಗಳಲ್ಲೂ ಡಬ್ಬಿ ತುಂಬುವ ಗಡಿಬಿಡಿಯಲ್ಲಿ ಚಹಾ ಬಿಟ್ಟರೆ ಹನ್ನೊಂದರವರೆಗೆ ಏನೂ ಇಲ್ಲ. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದೆ. ನಾಲ್ಕು ತಿಂಗಳಿಂದ ಇಲ್ಲ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಯಿತೇನೋ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಮೂಳೆವೈದ್ಯರು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸುಡುವಷ್ಟು ಶಕ್ತಿಯನ್ನು ಊಟ ತುಂಬಿಕೊಡದಿದ್ದರೆ ದೇಹ ಮೊದಲು ಸಂತಾನೋತ್ಪತ್ತಿಯ ಖರ್ಚನ್ನು ಕಡಿತ ಮಾಡುತ್ತದೆ. ಈಸ್ಟ್ರೋಜನ್ ಇಳಿಯುತ್ತದೆ, ಅದರೊಂದಿಗೆ ಮೂಳೆ ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಎಂಬ ಹೆಸರಿಟ್ಟರು. ಕ್ರೀಡೆಯಲ್ಲಿ ತೊಡಗಿದವರ ದೇಹಕ್ಕೆ ಶಕ್ತಿಯ ಕೊರತೆಯಾದಾಗ ಆಗುವ ತೊಂದರೆಗಳೆಲ್ಲ ಅದರಲ್ಲಿ ಸೇರುತ್ತವೆ. ಗಂಡಸರಿಗೂ ಇದು ಬರುತ್ತದೆ. ಇನ್ನು ಓಟದ ಭಾರಕ್ಕೆ ಮೂಳೆಯಲ್ಲಿ ಸೂಕ್ಷ್ಮವಾದ ಹಾನಿ ಆಗುವುದು ಸಹಜ, ಅದು ಬಲವಾಗುವುದೂ ಹಾಗೆಯೇ. ಆದರೆ ಗೋಡೆ ರಿಪೇರಿಯಲ್ಲಿ ಹಳೆಯ ಗಾರೆ ಕೆರೆದು ತೆಗೆದ ಮೇಲೆಯೇ ಹೊಸದು ಮೆತ್ತುವಂತೆ, ಮೂಳೆಯಲ್ಲೂ ಹಾನಿಯಾದ ಭಾಗ ಮೊದಲು ಕರಗುತ್ತದೆ, ಹೊಸದು ತುಂಬುವುದು ಆಮೇಲೆ. ನಡುವಿನ ವಾರಗಳಲ್ಲಿ ಅಲ್ಲಿ ಮೂಳೆ ಮೊದಲಿಗಿಂತ ದುರ್ಬಲ. ಬಿಡುವಿಲ್ಲದ ಓಟ, ಬರಿ ಹೊಟ್ಟೆ, ಕಡಿಮೆ ನಿದ್ರೆ ಆ ವಾರಗಳಲ್ಲಿ ಒಟ್ಟಾಗಿ ಬಿದ್ದರೆ ಬಿರುಕು ಮೂಡುತ್ತದೆ.

ಸುಮತಿ ಇದನ್ನು ಬಹಳ ದಿನ ‘ಶಿನ್ ಸ್ಪ್ಲಿಂಟ್’ ಎಂದೇ ತಿಳಿದಿದ್ದರು. ಅದು ಮೂಳೆಯ ಒಳಅಂಚಿನುದ್ದಕ್ಕೂ ಹರಡಿದ ನೋವು, ಮೈ ಬಿಸಿಯಾದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಬಿರುಕಿನ ನೋವು ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಇರುತ್ತದೆ, ಓಡುತ್ತ ಹೋದಂತೆ ಏರುತ್ತದೆ, ಕೆಲವೊಮ್ಮೆ ರಾತ್ರಿ ಮಲಗಿದಾಗಲೂ ಕಾಡುತ್ತದೆ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದೇ ಹೆಚ್ಚು, ಎಂಆರ್‌ಐ ಬೇಕಾಗುತ್ತದೆ. ‘ಎಕ್ಸ್‌ರೇ ಸರಿಯಿದೆ’ ಎಂಬ ಒಂದು ಮಾತಿನ ಧೈರ್ಯದ ಮೇಲೆ ಓಡಬೇಡಿ ಎಂದು ಓಟಗಾರರೆಲ್ಲರಿಗೂ ಹೇಳಬಯಸುತ್ತೇನೆ. ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿ ದೂರ ಓಡುವುದು ಇನ್ನೂ ಕೆಟ್ಟದ್ದು. ಮುಂಬಯಿಯ ಸೆಕೆಯಲ್ಲಿ ಮೈಯ ನೀರು ಬತ್ತಿರುವಾಗ ಅದು ಮೂತ್ರಪಿಂಡಕ್ಕೂ ಹೊಟ್ಟೆಗೂ ಅಪಾಯ ತರುತ್ತದೆ. ಜೊತೆಗೆ, ನಿಲ್ಲು ಎಂದು ಹೇಳುವ ನೋವಿನ ಬಾಯಿಯನ್ನೇ ಮುಚ್ಚುತ್ತದೆ.

ಸ್ತ್ರೀರೋಗ ತಜ್ಞೆಯನ್ನೂ ಆಹಾರ ತಜ್ಞೆಯನ್ನೂ ಕಾಣಲು ಕಳುಹಿಸಿದೆ. ಗರ್ಭ, ಥೈರಾಯ್ಡ್, ವಿಟಮಿನ್ ಡಿ, ಕಬ್ಬಿಣದ ಅಂಶ ಇವನ್ನೆಲ್ಲ ಪರೀಕ್ಷಿಸುವುದು ಅವರ ಕೆಲಸ. ಆಪ್ತಸಲಹೆಯ ಕೋಣೆಯಲ್ಲಿ ಕೂತು ಅದನ್ನು ಊಹಿಸಬಾರದು. ಉಪವಾಸ ಬಿಡಿ ಎಂದು ನಾನು ಹೇಳಲಿಲ್ಲ, ಅದು ಅವರ ಭಕ್ತಿಯ ವಿಷಯ. ಉಪವಾಸದ ದಿನ ಓಟ ಬೇಡ, ಓಟದ ದಿನ ಉಪವಾಸ ಬೇಡ ಎಂದು ಅವರೇ ತೀರ್ಮಾನಿಸಿದರು. ಹೊರಡುವ ಮುನ್ನ ಒಂದು ಬಾಳೆಹಣ್ಣು, ಬಂದ ಕೂಡಲೆ ಮೊಸರವಲಕ್ಕಿಯೋ ರಾಗಿ ಗಂಜಿಯೋ, ಜೊತೆಗೆ ಶೇಂಗಾ ಉಂಡೆ. ತಮ್ಮ ತಟ್ಟೆ ಮೊದಲು, ಡಬ್ಬಿ ಆಮೇಲೆ. ಈ ಕೊನೆಯದು ಹೇಳಲು ಸುಲಭ, ಮಾಡಲು ಅವರಿಗೆ ವಾರಗಳೇ ಬೇಕಾದವು.

ನಾನು ಕೊಟ್ಟ ಮುಖ್ಯ ಸಲಹೆ ಒಂದೇ: ಓಟ ನಿಲ್ಲಿಸಿ, ಆ ಗಂಟೆಯನ್ನು ನಿಲ್ಲಿಸಬೇಡಿ. ಐದಕ್ಕೆ ಎಂದಿನಂತೆ ಬೂಟು ಹಾಕಿಕೊಂಡು ಹೊರಡಿ. ವೈದ್ಯರು ಒಪ್ಪುವಷ್ಟೇ ನಡೆಯಿರಿ, ಉಳಿದ ಹೊತ್ತು ಉದ್ಯಾನದ ಬೆಂಚಿನ ಮೇಲೆ ಕುಳಿತಿರಿ. ಆರೂವರೆಗೆ ಮೊದಲು ಮನೆಗೆ ಬರಬೇಡಿ.

ಅವರು ಗಾಬರಿಯಾದರು. ‘ಓಡಲು ಹೋದರೆ ಆರೋಗ್ಯಕ್ಕೆ ಎನ್ನಬಹುದು. ಅತ್ತೆಯನ್ನು ಬಿಟ್ಟು ಬೆಂಚಿನ ಮೇಲೆ ಕೂರಲು ಹೋಗುವುದೆಂದರೆ? ಜನ ಏನೆಂದಾರು? ಇವರು ಏನೆಂದಾರು?’ ಆ ಒಂದು ಪ್ರಶ್ನೆಯ ಮೇಲೆ ನಾವು ಎರಡು ಭೇಟಿಗಳನ್ನು ಕಳೆದೆವು. ಬೆವರು ಸುರಿಸಿದ ಬಿಡುವಿಗೆ ಮಾತ್ರ ಮನೆಯಲ್ಲಿ ಮರ್ಯಾದೆ ಇದೆ, ಸುಮ್ಮನೆ ತೆಗೆದುಕೊಂಡ ಬಿಡುವಿಗೆ ಇಲ್ಲ ಎಂಬುದನ್ನು ಅವರು ಚಿಕ್ಕಂದಿನಿಂದ ನೋಡಿ ಕಲಿತಿದ್ದರು. ಅವರ ತಾಯಿ ಹುಬ್ಬಳ್ಳಿಯ ಮನೆಯಲ್ಲಿ ಕಾಳು ಆರಿಸುವ ನೆಪವಿಲ್ಲದೆ ಕಟ್ಟೆಯ ಮೇಲೆ ಕೂತದ್ದೇ ಇಲ್ಲವಂತೆ. ಸುಮತಿ ಪ್ರತಿದಿನ ಓಡುತ್ತಿದ್ದದ್ದು ಬಿಡುವಿಗೆ ಸಮಜಾಯಿಷಿ ಹುಡುಕಿಕೊಳ್ಳಲು. ನಡುವೆ ಮ್ಯಾರಥಾನಿನ ನಿಜವಾದ ಪ್ರೀತಿಯೂ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ನಮ್ಮ ಕೆಲಸವಾಗಿತ್ತು. ಅದಕ್ಕಾಗಿ ಒಂದು ಪುಟ್ಟ ಪುಸ್ತಕ ಇಡಲು ಹೇಳಿದೆ: ಓಡಬೇಕೆನ್ನಿಸಿದಾಗಲೆಲ್ಲ, ಅದಕ್ಕೆ ಸ್ವಲ್ಪ ಮೊದಲು ಮನೆಯಲ್ಲಿ ಏನಾಯಿತು ಎಂದು ಒಂದು ಸಾಲು ಬರೆಯಬೇಕು. ಪುಟ ತಿರುವಿದಂತೆ ಬೆಳಿಗ್ಗೆಯ ಆಸೆಯ ಹಿಂದೆ ತಂಪು ಗಾಳಿ, ಗೆಳತಿಯರು, ಜನವರಿ ಕಂಡವು. ರಾತ್ರಿ ಹತ್ತಕ್ಕೆ ತಡೆಯಲಾರದಂತೆ ಬರುವ ಆಸೆಯ ಹಿಂದೆ ಪ್ರತಿ ಸಲವೂ ಯಾರೋ ಮೂರನೆಯ ಬಾರಿ ಕರೆದಿದ್ದರು.

ಪತಿಯನ್ನು ಒಂದು ಭೇಟಿಗೆ ಕರೆಸಿದೆ. ಕೆಡುಕಿನ ಮನುಷ್ಯರಲ್ಲ. ‘ಓಡಬೇಡ ಎಂದು ನಾನು ಒಂದು ದಿನವೂ ಹೇಳಿಲ್ಲ, ಮೇಡಂ. ಇವಳು ಓಡಲು ಹೋದಾಗ ಅಮ್ಮನನ್ನು ನಾನೇ ನೋಡುತ್ತೇನೆ’ ಎಂದರು. ಓಡದ ದಿನ? ‘ಆ ದಿನ ಇವಳು ಮನೆಯಲ್ಲೇ ಇರುತ್ತಾಳಲ್ಲ.’ ಸುಮತಿ ತಲೆಯೆತ್ತಿ ಅವರನ್ನು ನೋಡಿದರು. ನಾನು ಮಾತು ಸೇರಿಸಲಿಲ್ಲ. ಕೊನೆಗೆ ಅವರೇ, ಸೋಮವಾರವೂ ಶುಕ್ರವಾರವೂ ಆರೂವರೆಯವರೆಗೆ ಅಮ್ಮ ನನ್ನ ಜವಾಬ್ದಾರಿ, ಇವಳು ಒಳಗಿದ್ದರೂ ಸರಿ ಹೊರಗಿದ್ದರೂ ಸರಿ ಎಂದು ಒಪ್ಪಿಕೊಂಡರು. ಸಹಾಯಕಿಗೆ ಹಣ ಸೇರಿಸಿ ಏಳಕ್ಕೇ ಬರಲು ಹೇಳುವುದೆಂದಾಯಿತು. ಡೊಂಬಿವಲಿಯಲ್ಲಿರುವ ನಾದಿನಿ ತಿಂಗಳಿಗೆರಡು ಭಾನುವಾರ ಬರುವುದೆಂದೂ ಮಾತಾಯಿತು. ಅದು ಇನ್ನೂ ಸರಿಯಾಗಿ ನಡೆಯುತ್ತಿಲ್ಲ.

ಮೊದಲ ಹತ್ತು ದಿನ ಕಠಿಣವಾಗಿದ್ದವು. ನಿದ್ರೆ ಕೆಟ್ಟಿತು, ಮಗನ ಮೇಲೆ ರೇಗಿದರು, ಎರಡು ಬಾರಿ ಅತ್ತರು. ನಿತ್ಯ ವ್ಯಾಯಾಮ ಮಾಡುವವರು ಏಕಾಏಕಿ ನಿಲ್ಲಿಸಿದಾಗ ಇದು ಆಗುವಂಥದ್ದೇ, ತಾನಾಗಿ ಇಳಿಯುತ್ತದೆ ಎಂದು ಮೊದಲೇ ಹೇಳಿಟ್ಟಿದ್ದೆ. ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿದಿನ ಬೀಳುವ ಕಿಲೋಮೀಟರುಗಳನ್ನು ನೋಡುವುದು ಅವರಿಗೆ ಹಿಂಸೆಯಾಗುತ್ತಿತ್ತು. ಗುಂಪು ಬಿಡದೆ ಸದ್ದು ಮಾತ್ರ ನಿಲ್ಲಿಸಿಟ್ಟರು. ವೈದ್ಯರು ಒಪ್ಪಿದ ಮೇಲೆ ಮಹಾನಗರಪಾಲಿಕೆಯ ಈಜುಕೊಳಕ್ಕೆ ಹೋಗತೊಡಗಿದರು.

ಆರು ವಾರ ಎಂದದ್ದು ಎಂಟಾಯಿತು. ನೋವಿಲ್ಲದೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಸಾಧ್ಯವಾದ ಮೇಲೆಯೇ ಫಿಸಿಯೋಥೆರಪಿಸ್ಟ್ ಓಟಕ್ಕೆ ಅನುಮತಿ ಕೊಟ್ಟರು. ಅದೂ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಸ್ನಾಯುವಿನ ಅಲ್ಪ ನೋವನ್ನು ಸಹಿಸಿ ಮುಂದುವರಿಯುವುದುಂಟು. ಮೂಳೆಯ ನೋವಿಗೆ ಆ ರಿಯಾಯಿತಿ ಇಲ್ಲ. ಸ್ವಲ್ಪ ಕಂಡರೂ ಅಂದಿಗೆ ನಿಲ್ಲಿಸಿ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಒಮ್ಮೆ ಹಾಗೆ ಇಳಿದರು. ಈ ಬಾರಿ ಗಡಿಯಾರ ಕಟ್ಟಿಕೊಂಡೇ ಇದ್ದರು, ನಿಲ್ಲಿಸಿದ್ದನ್ನು ಕೋಚ್‌ಗೆ ತಾವೇ ಬರೆದು ಕಳುಹಿಸಿದರು.

ಆ ಜನವರಿಯಲ್ಲಿ ಅವರು ಓಡಲಿಲ್ಲ. ಮರೀನ್ ಡ್ರೈವ್‌ನಲ್ಲಿ ನಿಂತು ಗೆಳತಿಯರಿಗೆ ಕಿತ್ತಳೆ ಸೀಳು, ಉಪ್ಪು ಹಂಚಿದರು. ಪೂರ್ಣ ಮ್ಯಾರಥಾನಿಗೆ ಮುಂದಿನ ಬಾರಿ ಹೆಸರು ಕೊಡುವಿರಾ ಎಂದು ಕೋಚ್ ಕೇಳಿದ್ದಾರಂತೆ. ಮುಟ್ಟು ಮೂರು ತಿಂಗಳು ಸತತವಾಗಿ ಸರಿಯಾಗಿ ಬರಲಿ, ಆಮೇಲೆ ಹೇಳುತ್ತೇನೆ ಎಂದು ಸುಮತಿ ಉತ್ತರಿಸಿದ್ದಾರೆ.