ಕಣ್ಣಿನ ಪರೀಕ್ಷೆಯಲ್ಲಿ 6/6 ಬಂದರೂ ಕೆಲಸ ಮಾಡಲು ಆಗುತ್ತಿಲ್ಲ, ಯಾಕೆ?

ಶುಗರ್ ಇದೆ, ಚಾರ್ಟ್ ಓದಿಸಿದಾಗ 6/6 ಬಂತು (ಅಂದರೆ ದೂರದ ನೋಟ ಸರಿ), ಆದರೂ ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಮಂಜು ಮಂಜಾಗುತ್ತದೆ, ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ.

ನಾನು ಡಾಕ್ಟರ್ ಅಲ್ಲ. ನನಗಿರುವುದು ಸಂಧಿವಾತ, ಅದರ ಬೆನ್ನಿಗೇ ಬಂದ ಒಣಗಣ್ಣು. ಮಾಡುವುದು ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಎಲ್ಲ ಸರಿ. ಊಟದ ಹೊತ್ತಿಗೆ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ರೆಪ್ಪೆ ಬಡಿದರೆ ಒಂದು ಕ್ಷಣ ಸ್ಪಷ್ಟ, ಮತ್ತೆ ಮಸುಕು. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಮ್ಮಿ, ಅದಕ್ಕೆ ಇನ್ನೂ ಜಾಸ್ತಿ ಒಣಗುತ್ತದೆ. ಆ ಚಾರ್ಟ್‌ನಲ್ಲಿರುವುದು ಬಿಳಿ ಮೇಲೆ ಕಡುಕಪ್ಪು ಅಕ್ಷರ, ಎರಡು ನಿಮಿಷದಲ್ಲಿ ಓದಿ ಮುಗಿಯುತ್ತದೆ. ನಮ್ಮದು ಬೂದು ಬಣ್ಣದ ಸಣ್ಣ ಅಂಕಿ, ಅದೂ ದಿನವಿಡೀ. ಎರಡೂ ಒಂದೇನಾ?

ನಿಮ್ಮ ವಿಷಯಕ್ಕೆ ಬರೋಣ. ಶುಗರ್ ಏರಿಳಿದರೆ ಕಣ್ಣಿನ ಮಸೂರ ಉಬ್ಬಿ ಪವರ್ ಬದಲಾಗುತ್ತದೆ. ಶುಗರ್ ಕೆಲವು ವಾರ ಹದದಲ್ಲಿ ನಿಲ್ಲುವವರೆಗೆ ಹೊಸ ಕನ್ನಡಕಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಇದಕ್ಕಿಂತ ಮುಖ್ಯವಾದದ್ದು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ. 6/6 ಕಾಣುತ್ತಿರುವಾಗಲೇ ಒಳಗೆ ಅದು ಹಾಳಾಗುತ್ತಿರಬಹುದು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಿದ್ದಾರಾ? ಇಲ್ಲದಿದ್ದರೆ ಮಾಡಿಸಿ, ಆಮೇಲೆ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತಲೂ ಕೇಳಿ. ಕಾಂಟ್ರಾಸ್ಟ್ (ಮಸುಕು ಬಣ್ಣದ ಅಕ್ಷರ ಕಾಣುತ್ತದಾ) ಮತ್ತು ಫೀಲ್ಡ್ (ಸುತ್ತಲೂ ಎಷ್ಟು ಅಗಲ ಕಾಣುತ್ತದೆ) ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಬೇಕು, ತಾವಾಗಿಯೇ ಮಾಡುವುದು ಅಪರೂಪ. ಮುಂದೆ ರೆಟಿನಾಕ್ಕೆ ಲೇಸರ್ ಚಿಕಿತ್ಸೆ ಬೇಕು ಅಂದರೆ, ರೆಟಿನಾದ ಅಂಚಿಗೆಲ್ಲ ಹೊಡೆಯುವ ಲೇಸರ್‌ನಿಂದ ರಾತ್ರಿ ನೋಟ, ಪಕ್ಕದ ನೋಟ ಸ್ವಲ್ಪ ಕಮ್ಮಿಯಾಗಬಹುದು. ಗಾಡಿ ಓಡಿಸುವ ಕೆಲಸವಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ.

ಬೇರೆ ಕಾಯಿಲೆಯವರೂ ಇದನ್ನು ಓದುತ್ತೀರಿ, ಅಲ್ವಾ? ಸ್ಟಿರಾಯ್ಡ್ ತುಂಬಾ ದಿನ ತೆಗೆದುಕೊಂಡರೆ ಪೊರೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು. ನನ್ನ ಹಾಗೆ ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗುವವರು ಶುರುವಿನಲ್ಲೊಮ್ಮೆ, 5 ವರ್ಷದ ನಂತರ ಪ್ರತಿ ವರ್ಷ ರೆಟಿನಾ ತೋರಿಸಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇರುವ ಕೆಲವರಿಗೆ ಮೈ ಬಿಸಿಯಾದರೆ ನೋಟ ಮಂಕಾಗುತ್ತದೆ. ಅವರಿಗೆ ಕನ್ನಡಕಕ್ಕಿಂತ ತಂಪಾದ ಜಾಗ ಮುಖ್ಯ.

ಇನ್ನು ಆಫೀಸು. "ಕಣ್ಣು ಕಾಣಿಸುತ್ತಿಲ್ಲ" ಅಂದರೆ ಹೆದರುತ್ತಾರೆ, ಇಲ್ಲವೇ ನಂಬುವುದಿಲ್ಲ. ಯಾವ ಕೆಲಸ, ಎಷ್ಟು ಹೊತ್ತು, ಯಾವಾಗಿನಿಂದ ಕಷ್ಟ ಅಂತ ಬರೆದುಕೊಡಿ. ನಾನು ಹಾಗೆ ಬರೆದ ಮೇಲೆ ಬಿಲ್ ತಾಳೆ ನೋಡುವುದು ಬೆಳಿಗ್ಗೆಗೆ ಬಂತು, ಫೋನ್ ಕೆಲಸ ಮಧ್ಯಾಹ್ನಕ್ಕೆ ಹೋಯಿತು. ಎಸಿ ಗಾಳಿ ನೇರ ಮುಖಕ್ಕೆ ಬೀಳುತ್ತಿತ್ತು, ಕುರ್ಚಿ ಜರುಗಿಸಿದರು. ಔಷಧಿಯಷ್ಟೇ ಉಪಕಾರ ಅದರಿಂದಲೂ ಆಯಿತು! ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಚಾರ್ಟ್ ಮತ್ತು ಫೀಲ್ಡ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ಗಂಟೆಗೊಂದು ಥರ ಕಾಣುವ ನಮ್ಮಂಥವರು ಅದರೊಳಗೆ ಕೂರುವುದಿಲ್ಲ. ಅನ್ಯಾಯವೇ ಸರಿ. ಹಾಗಾಗಿ ಕೆಲಸದ ಕಷ್ಟವನ್ನೇ ಬಿಡಿಸಿ ಬರೆದ ಡಾಕ್ಟರ್ ಪತ್ರ ಇಟ್ಟುಕೊಳ್ಳಿ.

ಒಂದು ಮಾತ್ರ ಮುಂದೂಡಬೇಡಿ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದ ಹಾಗಾದರೆ ಅಥವಾ ಒಂದು ಕಣ್ಣು ಕಾಣದಾದರೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ.